ಬಿಟ್ಟ ಸೈಕಲ್ಲು, ಬಿಡದ ವಿದ್ಯೆ

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲು ವಿತರಿಸುವ ಯೋಜನೆಯನ್ನು ಆರಂಭಿಸಿತು. ಅಂದು ಆ ಸೈಕಲ್ಲನ್ನೇರಿ ಶಾಲೆಗೆ ಬಂದವರು ಇಂದು ಮೂವತ್ತು ದಾಟಿದ ಗೃಹಸ್ಥರು. ಹೂಗ್ಯಂ, ರಾಮಾಪುರ, ಹನೂರುಗಳ ಕಡೆಯಲ್ಲಿಯೂ ಸೈಕಲ್ಲಿನ ಸ್ಥಾನವನ್ನು ಮೋಟಾರು ವಾಹನಗಳು ಬಹುಮಟ್ಟಿಗೆ ಆಕ್ರಮಿಸಿವೆ. ಅನೇಕ ವರ್ಷಗಳ ಅನಂತರ ಆರೋಗ್ಯದ ದೃಷ್ಟಿಯಿಂದ ಪುನಃ ಸೈಕಲ್ಲನ್ನೇರಬಯಸುವವರಿಗೆ ಮೂಡುವ ಮೊದಲ ಸಂದೇಹವೆಂದರೆ, ಕಲಿತದ್ದು ಇನ್ನೂ ಉಳಿದಿದೆಯೇ ಎಂಬುದು.

ಖಂಡಿತವಾಗಿಯೂ ಉಳಿದಿರುತ್ತದೆ. ಸೈಕಲ್ಲು ಯಾವ ಮಗ್ಗುಲಿಗೆ ವಾಲುವುದೋ ಅದೇ ಮಗ್ಗುಲಿಗೆ ಹಿಡಿಯನ್ನು ತುಸು ತಿರುಗಿಸಿದರೆ ಚಕ್ರಗಳು ಮರಳಿ ಸವಾರನ ಭಾರದ ಅಡಿಗೆ ಬರುತ್ತವೆ. ಸಮತೋಲನದ ಮುಖ್ಯ ರಹಸ್ಯವಿದು. ಈ ಅಭ್ಯಾಸವನ್ನು ಕಾಪಿಡುವುದು ಮಾತಿನ ನೆನಪಲ್ಲ; ಕಿರುಮೆದುಳು ಮೊದಲಾದ ಭಾಗಗಳಲ್ಲಿ ನೆಲೆಗೊಂಡ ಚಲನೆಯ ನೆನಪು. ಬಾಯಿಪಾಠ ಮಾಡಿದ ಪದ್ಯ ಮರೆತುಹೋದರೂ ಇದು ಸುಲಭವಾಗಿ ಅಳಿಯುವುದಿಲ್ಲ.

ಆದರೆ ವಿದ್ಯೆ ಉಳಿದಂತೆ ದೇಹಬಲ ಉಳಿಯದು. ಅಪಾಯವಿರುವುದು ಇಲ್ಲಿಯೇ. ಸಮತೋಲನ ಬೇಗನೆ ಮರಳುವುದರಿಂದ ಬಾಲ್ಯದ ವೇಗವೂ ಮರಳಿತೆಂಬ ಭ್ರಮೆ ಹುಟ್ಟುತ್ತದೆ. ಮೊಣಕಾಲು, ಶ್ವಾಸಕೋಶ, ಹೃದಯಗಳು ಅದಕ್ಕೆ ಸಿದ್ಧವಾಗಿರುವುದಿಲ್ಲ. ಆದುದರಿಂದ ಮೊದಲ ವಾರಗಳಲ್ಲಿ ದಿನ ಬಿಟ್ಟು ದಿನ, ಸಮತಟ್ಟಾದ ರಸ್ತೆಯಲ್ಲಿ ಹದಿನೈದು ಇಪ್ಪತ್ತು ನಿಮಿಷಗಳ ಸವಾರಿ ಸಾಕು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಿತಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಗುರಿಯನ್ನು ಕ್ರಮಕ್ರಮವಾಗಿ ಮುಟ್ಟಬೇಕು. ಹೃದ್ರೋಗ, ರಕ್ತದೊತ್ತಡ ಉಳ್ಳವರು ಮೊದಲು ವೈದ್ಯರ ಸಲಹೆ ಪಡೆಯುವುದು ಲೇಸು.

ವಾಹನದ ಪರೀಕ್ಷೆಯೂ ಅಷ್ಟೇ ಅಗತ್ಯ. ಮೂಲೆಯಲ್ಲಿ ನಿಂತ ಸೈಕಲ್ಲಿನ ಟೈರು ಬಿರಿದಿರುತ್ತದೆ, ಬ್ರೇಕಿನ ರಬ್ಬರು ಗಟ್ಟಿಯಾಗಿರುತ್ತದೆ, ಸರಪಳಿ ತುಕ್ಕು ಹಿಡಿದಿರುತ್ತದೆ. ಪೆಡಲು ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ಹೆಚ್ಚುಕಡಿಮೆ ನೇರವಾಗುವಷ್ಟು ಎತ್ತರಕ್ಕೆ ಸೀಟನ್ನು ಹೊಂದಿಸಬೇಕು. ತಗ್ಗಾದ ಸೀಟು ಮೊಣಕಾಲನ್ನು ನೋಯಿಸುತ್ತದೆ. ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಮೃದುವಾಗಿ, ವೇಗ ಏರುವ ಮೊದಲೇ ಬಳಸಬೇಕು. ಮಳೆಯಲ್ಲಿ ರಿಮ್ಮು ನೆನೆದರೆ ಬ್ರೇಕು ಹಿಡಿಯುವುದು ತಡವಾಗುತ್ತದೆ.

ಮುಂಜಾವಿನ ಸವಾರಿ ಉತ್ತಮವೆಂಬುದು ಪಟ್ಟಣಿಗರಿಗೆ ಹೇಳುವ ಮಾತು. ಹೂಗ್ಯಂ ಪ್ರದೇಶಕ್ಕೆ ಅದು ಹೊಂದದು. 2013ರಲ್ಲಿ ಘೋಷಿತವಾದ ಮಲೆ ಮಹದೇಶ್ವರ ವನ್ಯಧಾಮದ ಅರಣ್ಯವಲಯಗಳಲ್ಲಿ ಹೂಗ್ಯಂ ಒಂದು. ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಆನೆಗಳು ರಸ್ತೆ ದಾಟುವುದುಂಟು. ಸದ್ದಿಲ್ಲದೆ ಸಾಗುವ ಸೈಕಲ್ಲಿನ ಸುಳಿವು ಅವಕ್ಕೆ ಹತ್ತಿರ ಬರುವವರೆಗೂ ತಿಳಿಯದೆ ಹೋಗಬಹುದು. ಬಿಸಿಲು ಚೆನ್ನಾಗಿ ಹರಡಿದ ಮೇಲೆ ಹೊರಟು ಹೊತ್ತು ಮುಳುಗುವ ಮುನ್ನ ಮನೆ ಸೇರುವುದೇ ಇಲ್ಲಿನ ಸವಾರರಿಗೆ ಕ್ಷೇಮಕರವಾದ ನಿಯಮ.