ಕ್ಯಾಸೆಟ್ಟೇ ಅಸಲು, ಕಂಪ್ಯೂಟರ್ ಅಲ್ಲ

ದೆಹಲಿ, ನೋಯ್ಡಾ, ಗುರುಗ್ರಾಮದ ಮನೆಗಳಲ್ಲಿ ಮದುವೆ, ಉಪನಯನದ ಹಳೆಯ ವಿಡಿಯೊ ಕ್ಯಾಸೆಟ್ಟುಗಳು ಇನ್ನೂ ಅಟ್ಟ ಹಿಡಿದು ಕೂತಿವೆ. ಮನೆ ಬದಲಿಸುವಾಗ ಅವು ಕಬಾಡಿಯವನ ಪಾಲಾಗುತ್ತವೆ. ಕೊಡುವವರು ಹೇಳುವ ಸಮಾಧಾನ ಸಾಮಾನ್ಯವಾಗಿ ಒಂದೇ: ಇದನ್ನು ಕಂಪ್ಯೂಟರಿನಲ್ಲಿ ಎಡಿಟ್ ಮಾಡಿದ್ದು, ಸ್ಟುಡಿಯೊದವರ ಹತ್ತಿರ ಫೈಲು ಇದ್ದೇ ಇರುತ್ತದೆ. 1990ರ ದಶಕದ ಕೊನೆಯಿಂದ ಹೆಚ್ಚುಕಡಿಮೆ 2005ರವರೆಗೆ ತಯಾರಾದ ಕ್ಯಾಸೆಟ್ಟುಗಳ ಮಟ್ಟಿಗೆ ಈ ಸಮಾಧಾನಕ್ಕೆ ಆಧಾರವಿಲ್ಲ. ಆಗ ಕಂಪ್ಯೂಟರು ಬರೀ ಕೆಲಸದ ಕೊಟ್ಟಿಗೆ. ಮುಗಿದ ಕೆಲಸ ಉಳಿದಿದ್ದರೆ ಟೇಪಿನಲ್ಲಿ ಮಾತ್ರ.

ಲೆಕ್ಕ ಹಾಕಿದರೆ ಇದು ತಾನಾಗಿ ತಿಳಿಯುತ್ತದೆ. 1995ರಲ್ಲಿ ಬಂದ ಡಿವಿ ಮಾದರಿಯ ವಿಡಿಯೊ ಒಂದು ಗಂಟೆಗೆ ಸುಮಾರು 13 ಜಿಬಿ ಜಾಗ ತಿನ್ನುತ್ತದೆ. 2000ದ ಆಸುಪಾಸಿನಲ್ಲಿ ನೆಹರೂ ಪ್ಲೇಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದ ಕಂಪ್ಯೂಟರಿಗೆ 20 ಅಥವಾ 40 ಜಿಬಿ ಡಿಸ್ಕು ಸಿಕ್ಕರೆ ದೊಡ್ಡದು. ಮೂರು ಗಂಟೆಯ ಮದುವೆ ವಿಡಿಯೊ ಒಂದೇ ಅದನ್ನು ತುಂಬಿಬಿಡುತ್ತಿತ್ತು. ಸಾಲದ್ದಕ್ಕೆ ಅಂದಿನ ವಿಂಡೋಸ್ ಬಳಸುತ್ತಿದ್ದ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿಬಿ ದಾಟುವಂತಿರಲಿಲ್ಲ. ಅಂದರೆ ಹದಿನೆಂಟು ನಿಮಿಷಕ್ಕೊಂದು ತುಂಡು. ಲಗ್ನದ ತಿಂಗಳಲ್ಲಿ ಒಂದರ ಮೇಲೊಂದು ಮದುವೆ ಬರುವಾಗ ಹಳೆಯದನ್ನು ಅಳಿಸದೆ ಹೊಸದಕ್ಕೆ ಜಾಗವೆಲ್ಲಿ? ಎಡಿಟ್ ಮುಗಿಯಿತು, ಟೇಪಿಗೆ ಇಳಿಸಿದರು, ಡಿಸ್ಕು ಖಾಲಿ ಮಾಡಿದರು. ಇದರಲ್ಲಿ ಬೇಜವಾಬ್ದಾರಿಯೇನೂ ಇಲ್ಲ, ಅದು ಆ ಕಸುಬಿನ ಕ್ರಮ.

ಟೇಪಿಗೆ ಇಳಿಸುವುದೂ ಗುಂಡಿ ಒತ್ತಿ ಎದ್ದುಹೋಗುವ ಕೆಲಸವಾಗಿರಲಿಲ್ಲ. ಕಂಪ್ಯೂಟರಿನ ಪರದೆ ಮತ್ತು ನಮ್ಮ ಟಿವಿ ಎರಡರ ನಡೆಯೇ ಬೇರೆ. ಸಾಮಾನ್ಯ ವಿಜಿಎ ಪರದೆ ಸೆಕೆಂಡಿಗೆ ಸುಮಾರು 31,500 ಗೆರೆಗಳನ್ನು ಎಳೆಯುತ್ತಿತ್ತು. ಭಾರತದ ಪಾಲ್ ಟಿವಿಗೆ ಬೇಕಾದದ್ದು 15,625, ಅದೂ ಒಂದು ಬಿಟ್ಟು ಒಂದು ಗೆರೆಯಂತೆ, 50 ಅರ್ಧಚಿತ್ರಗಳಾಗಿ. ಮಾನಿಟರಿನ ತಂತಿಯನ್ನು ಸೀದಾ ವಿಸಿಆರ್‌ಗೆ ಚುಚ್ಚಿದರೆ ಏನೂ ಬರುವುದಿಲ್ಲ. ಅದಕ್ಕೇ ಟಿವಿ‑ಔಟ್ ಕಾರ್ಡು ಅಥವಾ ಸ್ಕ್ಯಾನ್ ಕನ್ವರ್ಟರ್ ಬೇಕಾಗುತ್ತಿತ್ತು. ಆಮೇಲೆ ಸುಲಭದ ದಾರಿಯೊಂದು ಬಂತು: ಕಂಪ್ಯೂಟರಿನಿಂದ ಫೈರ್‌ವೈರ್ ಕೇಬಲ್ಲಿನಲ್ಲಿ ಡಿವಿ ಕ್ಯಾಮೆರಾಗೆ, ಅಲ್ಲಿಂದ ಹಳದಿ, ಬಿಳಿ, ಕೆಂಪು ತಂತಿಗಳಲ್ಲಿ ವಿಸಿಆರ್‌ಗೆ. ಆದರೆ ಟೇಪು ಯಾರಿಗೂ ಕಾಯುವುದಿಲ್ಲ. ಮೂರು ಗಂಟೆಯ ವಿಡಿಯೊಗೆ ಮೂರು ಗಂಟೆಯೇ ಹಿಡಿಯುತ್ತದೆ. ನಡುವೆ ಕಂಪ್ಯೂಟರು ಕ್ಷಣಕಾಲ ತಡವರಿಸಿದರೂ ಚಿತ್ರ ಜಿಗಿಯುತ್ತದೆ, ಕರೆಂಟು ಹೋದರೆ ಮೊದಲಿನಿಂದ ಶುರು. ಅಮೆರಿಕದಲ್ಲಿರುವ ಮಗಳಿಗೆ ಪ್ರತಿ ಬೇಕೆಂದರೆ ಇನ್ನೊಂದು ತಲೆನೋವು, ಅಲ್ಲಿಯದು 525 ಗೆರೆಗಳ ಎನ್‌ಟಿಎಸ್‌ಸಿ. ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಬರೀ ನಕಲೆಂದು ತಳ್ಳಿಹಾಕುವುದು ಸರಿಯಲ್ಲ.

ಟೇಪು ದೆಹಲಿಯಲ್ಲಿ ಮನೆಮಂದಿಯ ಹವ್ಯಾಸಕ್ಕಷ್ಟೇ ಸೀಮಿತವಾಗಿರಲಿಲ್ಲ. 1988ರಲ್ಲಿ ಇಂಡಿಯಾ ಟುಡೇ ಬಳಗ ‘ನ್ಯೂಸ್‌ಟ್ರ್ಯಾಕ್’ ಎಂಬ ವಿಡಿಯೊ ಪತ್ರಿಕೆ ಶುರು ಮಾಡಿತು. ಟಿವಿ ಸುದ್ದಿಯೆಂದರೆ ದೂರದರ್ಶನ ಮಾತ್ರ ಎಂಬಂತಿದ್ದ ಕಾಲದಲ್ಲಿ ಅದು ವಿಎಚ್‌ಎಸ್ ಕ್ಯಾಸೆಟ್ಟಾಗಿ ಮನೆಮನೆಗೆ ಹೋಗುತ್ತಿತ್ತು. ಆಗ ಎಡಿಟಿಂಗ್ ಎಂದರೆ ಒಂದು ಟೇಪಿನಿಂದ ಇನ್ನೊಂದಕ್ಕೆ ತೆಗೆದು ಜೋಡಿಸುವುದು, ಪ್ರತಿ ಸಲವೂ ಚಿತ್ರ ಇಷ್ಟಿಷ್ಟೇ ಮಾಸುತ್ತಿತ್ತು. ಕಂಪ್ಯೂಟರು ಬದಲಿಸಿದ್ದು ಇದನ್ನೇ: ಎಷ್ಟು ಸಲ ಕತ್ತರಿಸಿದರೂ ಚಿತ್ರ ಹಾಗೇ ಇದ್ದು, ಮುಗಿದದ್ದು ಒಂದೇ ನೆಗೆತಕ್ಕೆ ಟೇಪಿಗಿಳಿಯಿತು. ಅಲ್ಲಿಂದಾಚೆಗೂ ಟೇಪು ಮರೆಯಾಗಲಿಲ್ಲ. ನೋಯ್ಡಾ ಸೆಕ್ಟರ್ 16ಎ ಫಿಲ್ಮ್ ಸಿಟಿಯಲ್ಲೂ ಟಿವಿ ಕಾರ್ಯಕ್ರಮ ಒಪ್ಪಿಸುವುದೆಂದರೆ ಬಹುಕಾಲ ಬೀಟಾಕ್ಯಾಮ್ ಟೇಪು ಒಪ್ಪಿಸುವುದೇ ಆಗಿತ್ತು, ಮೊದಲಿಗೆ ಬಣ್ಣದ ಪಟ್ಟಿ ಮತ್ತು ಟೋನ್, ಆಮೇಲೆ ಗಡಿಯಾರ, ಆಮೇಲೆ ಕಾರ್ಯಕ್ರಮ.

ಕ್ಯಾಸೆಟ್ಟೇ ಅಸಲು ಎಂಬ ಮಾತಿಗೆ ಆಕ್ಷೇಪಗಳಿವೆ, ಕೆಲವು ಗಟ್ಟಿಯಾದವೇ. ವಿಎಚ್‌ಎಸ್‌ನ ಚಿತ್ರ ಮಂದ, ಅಡ್ಡಲಾಗಿ ಸುಮಾರು 240 ಗೆರೆಗಳ ಸ್ಪಷ್ಟತೆ. ಅದನ್ನು ಅಸಲು ಎನ್ನುವುದು ಹೇಗೆ? ಒಪ್ಪಬೇಕಾದ ಮಾತು. ಸ್ಟುಡಿಯೊ ಡಿವಿ ಟೇಪಿಗೂ ಇಳಿಸಿಟ್ಟಿದ್ದರೆ ಅದೇ ನಿಜವಾದ ಅಸಲು, ಏಕೆಂದರೆ ಅದು ಕಂಪ್ಯೂಟರಿನಲ್ಲಿದ್ದ ಅಂಕಿಗಳ ತದ್ರೂಪು. ಆದರೆ ಹೆಚ್ಚಿನ ಮನೆಗಳಿಗೆ ಸಿಕ್ಕಿದ್ದು ವಿಎಚ್‌ಎಸ್ ಒಂದೇ, ಬೇರೇನೂ ಉಳಿಯದಿರುವಾಗ ಮಂದವಾದದ್ದೇ ಅಸಲು. ಡಿವಿಡಿ ಇದೆಯಲ್ಲ ಎನ್ನುವವರೂ ಇದ್ದಾರೆ. ಅಂಗಡಿಯಲ್ಲಿ ಬರೆದ ಡಿವಿಡಿಯಲ್ಲಿ ಅದೇ ವಿಡಿಯೊವನ್ನು ಇನ್ನಷ್ಟು ಹಿಂಡಿ ತುಂಬಿರುತ್ತಾರೆ, ಅದರ ಬಣ್ಣದ ಪದರವೂ ಕೆಡುತ್ತದೆ. ಟೇಪಿಗೆ ಬೂಷ್ಟು ಹಿಡಿಯುತ್ತದೆ ಎಂಬುದಂತೂ ನಿಜವೇ. ದೆಹಲಿಯ ಮಳೆಗಾಲದ ತೇವ, ಬೇಸಿಗೆಯ ಧೂಳು ಎರಡೂ ಅದಕ್ಕೆ ವೈರಿಗಳು. ಆದರೆ ಅದು ಎಸೆಯಲು ಕಾರಣವಲ್ಲ, ಅವಸರ ಮಾಡಲು ಕಾರಣ. ಟೇಪೇ ಕಾಲಬಾಹಿರ ಎನ್ನುವವರು ಇದನ್ನೂ ಗಮನಿಸಲಿ: ದೊಡ್ಡ ಸಂಸ್ಥೆಗಳು ದೀರ್ಘಕಾಲ ಇಡಬೇಕಾದ ದತ್ತಾಂಶವನ್ನು ಇಂದಿಗೂ ಎಲ್‌ಟಿಒ ಟೇಪಿಗೇ ಬರೆಯುತ್ತವೆ, ಎಲ್‌ಟಿಒ‑9ರ ಒಂದು ಕಾರ್ಟ್ರಿಜ್ಜಿನಲ್ಲಿ 18 ಟೆರಾಬೈಟ್ ಹಿಡಿಯುತ್ತದೆ.

ನಿಜವಾದ ಅಭಾವ ಯಂತ್ರದ್ದು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಪ್ರಮುಖ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ನಿಲ್ಲಿಸಿತು. ಹಾಗಾಗಿ ಟೇಪನ್ನು ಫೈಲಾಗಿಸಲು ಅಂಗಡಿಗೆ ಕೊಡುವ ಮುನ್ನ ಎರಡು ಪ್ರಶ್ನೆ ಕೇಳಬೇಕು. ಮಿನಿ ಡಿವಿ ಟೇಪಾದರೆ ಫೈರ್‌ವೈರ್‌ನಲ್ಲಿ ಎಳೆಯುತ್ತಾರೋ ಅಥವಾ ಹಳದಿ ತಂತಿಯಲ್ಲೋ? ಫೈರ್‌ವೈರ್‌ನಲ್ಲಾದರೆ ಅಸಲು ಹಾಗೇ ಬರುತ್ತದೆ, ಹಳದಿ ತಂತಿಯಲ್ಲಿ ನಕಲಿನ ನಕಲು. ವಿಎಚ್‌ಎಸ್ ಆದರೆ, ಬೂಷ್ಟು ಕಂಡರೆ ಮೊದಲು ಒರೆಸಿ ಆಮೇಲೆ ಓಡಿಸುತ್ತಾರೋ? ಒರೆಸದೆ ಓಡಿಸಿದರೆ ಬೂಷ್ಟು ಯಂತ್ರದ ಹೆಡ್ಡಿಗೆ ಅಂಟಿ ಮುಂದಿನ ಟೇಪಿಗೂ ದಾಟುತ್ತದೆ. ಫೈಲು ಕೈಗೆ ಬಂದ ಮೇಲೆ ಕೊನೆಯವರೆಗೂ ಒಮ್ಮೆ ನೋಡಿ. ಕ್ಯಾಸೆಟ್ಟನ್ನು ಮಾತ್ರ ಅಂಗಡಿಯಲ್ಲೇ ಬಿಟ್ಟುಬರಬೇಡಿ.