ಬೆಟ್ಟವನ್ನು ಆರಿಸುವ ವಿವೇಕ

ಎರಡು ಮೂರು ರಜೆಯ ದಿನಗಳು ಒಟ್ಟಿಗೆ ಬಂದುವೆಂದರೆ ಬೆಂಗಳೂರು, ಮೈಸೂರು, ಹಾಸನ, ಮಂಗಳೂರುಗಳಿಂದ ಚಿಕ್ಕಮಗಳೂರಿನ ಕಡೆಗೆ ಹೊರಡುವ ವಾಹನಗಳ ಸಾಲಿಗೆ ಕೊನೆಯೇ ಇರುವುದಿಲ್ಲವೆಂಬುದು ನಮ್ಮ ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ವಾರವೆಲ್ಲ ಕಚೇರಿಯ ಕುರ್ಚಿಯಲ್ಲಿ ಕುಳಿತ ಶರೀರಕ್ಕೆ ಒಂದು ದಿನದ ಬೆಟ್ಟದ ನಡಿಗೆಯು ಬಹಳ ಹಿತಕರವಾದುದು. ದೇಶಪ್ರೇಮದ ಮಾತನ್ನಾಡುವವರು ಆ ದೇಶದ ಗಿರಿ ನದಿಗಳನ್ನು ಕಾಲ್ನಡಿಗೆಯಿಂದ ಕಂಡು ಬರುವುದೂ ಉಚಿತವೇ ಸರಿ. ಆದುದರಿಂದ ಈ ಯಾತ್ರೆಯನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಯಾವ ಬೆಟ್ಟಕ್ಕೆ, ಯಾರು, ಯಾವ ಕಾಲದಲ್ಲಿ ಹೋಗತಕ್ಕದ್ದು ಎಂಬ ಮೂರು ಪ್ರಶ್ನೆಗಳನ್ನು ಮನೆಯಿಂದ ಹೊರಡುವ ಮುನ್ನವೇ ಕೇಳಿಕೊಳ್ಳುವ ಅಭ್ಯಾಸವು ನಮ್ಮಲ್ಲಿ ಇನ್ನೂ ಬೇರೂರಿಲ್ಲವೆಂಬುದಷ್ಟೇ ನಮ್ಮ ವ್ಯಸನ.

ಈಗ ಬೆಟ್ಟವನ್ನು ಆರಿಸುವ ಕ್ರಮವೇನೆಂದರೆ, ಯಾರೋ ತೆಗೆದ ಒಂದು ಚಿತ್ರವನ್ನು ಕೈಯಲ್ಲಿರುವ ಫೋನಿನಲ್ಲಿ ನೋಡುವುದು. ಅಲ್ಲಿಗೇ ಹೋಗಬೇಕೆಂದು ನಿಶ್ಚಯಿಸುವುದು. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳಿದ ಮಾತು ಚಿತ್ರದ ಬೆಟ್ಟಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಏರು ಎಷ್ಟು, ನೀರು ಎಲ್ಲಿ, ಹಿಂತಿರುಗಲು ಎಷ್ಟು ಹೊತ್ತು ಎಂಬುದನ್ನು ಚಿತ್ರವು ಹೇಳುವುದಿಲ್ಲ. ಎಲ್ಲರೂ ಒಂದೇ ಚಿತ್ರವನ್ನು ನೋಡುವುದರಿಂದ ಎಲ್ಲರೂ ಒಂದೇ ಬೆಟ್ಟಕ್ಕೆ ಒಂದೇ ದಿನ ಹೋಗುವಂತಾಗುತ್ತದೆ. 2024ರ ಜನವರಿ ತಿಂಗಳ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನರು ಜಾತ್ರೆಯಂತೆ ನೆರೆದುದನ್ನು ಕಂಡು, ಮುಂಗಡ ನೋಂದಣಿಯಿಲ್ಲದ ಕಾಡಿನ ಹಾದಿಗಳನ್ನು ಸರ್ಕಾರದವರು ಕೆಲವು ಕಾಲ ಮುಚ್ಚಬೇಕಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯವರು ‘ಅರಣ್ಯ ವಿಹಾರ’ ಎಂಬ ಹೆಸರಿನಿಂದ ಅಂತರ್ಜಾಲದ ನೋಂದಣಿಯನ್ನು ಆರಂಭಿಸಿ, ಒಂದು ಹಾದಿಗೆ ಒಂದು ದಿನಕ್ಕೆ ಇಂತಿಷ್ಟೇ ಜನರೆಂದು ಮಿತಿಯನ್ನು ಗೊತ್ತುಮಾಡಿದರು. ಇದನ್ನು ಕಿರುಕುಳವೆಂದು ಕೆಲವರು ಗೊಣಗುತ್ತಾರೆ. ನಾಟಕಶಾಲೆಯಲ್ಲಿ ಆಸನಗಳಿಗೆ ಮೀರಿ ಚೀಟಿ ಕೊಡದಿರುವುದನ್ನು ಒಪ್ಪುವ ನಾವು ಬೆಟ್ಟದ ವಿಷಯದಲ್ಲಿ ಮಾತ್ರ ಏತಕ್ಕೆ ಮುನಿಯಬೇಕೋ ತಿಳಿಯದು.

ಹಾದಿಯ ಕಷ್ಟವನ್ನು ಅಳೆಯುವುದಕ್ಕೆ ಸುಲಭವಾದ ಒಂದು ಲೆಕ್ಕವುಂಟು. 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಗಿರಿಸಂಚಾರಿಯು ಹೇಳಿದ ಕ್ರಮವಿದು: ಮೂರು ಮೈಲಿ, ಎಂದರೆ ಸುಮಾರು 5 ಕಿಲೋಮೀಟರು ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಇದು ಪಳಗಿದ ಕಾಲುಗಳ ಲೆಕ್ಕ. ವಿಶ್ರಾಂತಿಯೂ ಊಟವೂ ಇದರಲ್ಲಿ ಸೇರಿಲ್ಲ. ನಮ್ಮ ಪಟ್ಟಣಿಗರು ಬಂದ ಮೊತ್ತಕ್ಕೆ ಅದರ ಅರ್ಧವನ್ನು ಸೇರಿಸಿಕೊಂಡರೆ ಸತ್ಯಕ್ಕೆ ಸಮೀಪವಾಗುತ್ತದೆ. ಮಕ್ಕಳೂ ವೃದ್ಧರೂ ಜೊತೆಗಿದ್ದರೆ ಲೆಕ್ಕವನ್ನು ಅವರ ಕಾಲಿಗೆ ಕಟ್ಟಬೇಕೇ ಹೊರತು ಗುಂಪಿನ ಮುಂದಾಳುವಿನ ಕಾಲಿಗಲ್ಲ.

ಈ ಅಳತೆಯನ್ನು ಹಿಡಿದು ನಮ್ಮ ಬೆಟ್ಟಗಳನ್ನು ನೋಡೋಣ. ಮೊದಲ ಬಾರಿಗೆ ಹೊರಡುವ ಸಂಸಾರವಂದಿಗರಿಗೆ ಕೆಮ್ಮಣ್ಣುಗುಂಡಿಯು ಯೋಗ್ಯವಾದುದು. ನಾಲ್ವಡಿ ಕೃಷ್ಣರಾಜ ಒಡೆಯರವರ ಬೇಸಿಗೆಯ ವಾಸಸ್ಥಳವಾಗಿದ್ದ ಈ ಗಿರಿಧಾಮವು 4,700 ಅಡಿ ಎತ್ತರದಲ್ಲಿದೆ. ಅಲ್ಲಿಂದ ಝಡ್ ಪಾಯಿಂಟ್ ಎಂದು ಕರೆಯುವ ಅಂಚಿಗೆ ಸುಮಾರು 3 ಕಿಲೋಮೀಟರು ಕಾಲುದಾರಿ. ನಡುವೆ ಶಾಂತಿ ಜಲಪಾತವು ಸಿಕ್ಕುತ್ತದೆ. ಹಾದಿಯು ಕೆಲವೆಡೆ ಕಿರಿದಾಗಿ ಪಕ್ಕದಲ್ಲಿ ಕಣಿವೆಯಿರುವುದರಿಂದ ಮಕ್ಕಳ ಕೈ ಹಿಡಿದಿರಬೇಕೆಂಬುದೊಂದೇ ಎಚ್ಚರಿಕೆ.

ಮುಳ್ಳಯ್ಯನಗಿರಿಯು 6,330 ಅಡಿಗಳಿಂದ ಕರ್ನಾಟಕದ ಅತ್ಯುನ್ನತ ಶಿಖರವೆನಿಸಿದ್ದರೂ ಅತ್ಯಂತ ಕಠಿನವಾದುದಲ್ಲ. ರಸ್ತೆಯು ಶಿಖರದ ಸಮೀಪದವರೆಗೆ ಹೋಗುತ್ತದೆ. ಅಲ್ಲಿಂದ ಕೆಲವು ನೂರು ಮೆಟ್ಟಿಲುಗಳನ್ನು ಹತ್ತಿದರೆ ಮುಳ್ಳಪ್ಪಸ್ವಾಮಿಯ ಗುಡಿ. ಕೈಕಾಲು ಗಟ್ಟಿಯಿರುವವರು ಈ ಮೆಟ್ಟಿಲುಗಳಿಂದ ತೃಪ್ತರಾಗದೆ ಕೆಳಗಿನಿಂದ ಸರ್ಪದಾರಿಯನ್ನು ಹಿಡಿಯಬಹುದು. ಹಾವಿನಂತೆ ಬಳುಕುತ್ತ ಏರುವ ಈ ಹಾದಿಯು 3-4 ಕಿಲೋಮೀಟರಿಗೆ ಮೀರದು. ಸಾವಧಾನವಾಗಿ ನಡೆದರೂ ಎರಡು ಗಂಟೆಗಳಲ್ಲಿ ತುದಿ ಮುಟ್ಟುತ್ತೇವೆ. ಆದರೆ ನೆರಳೆಂಬುದು ಇಲ್ಲ; ಗಾಳಿಯು ಬಲವಾದುದು. ವಾಹನದಲ್ಲಿ ಈ ಗಿರಿಗೂ ಬಾಬಾಬುಡನ್‌ಗಿರಿಗೂ ಹೋಗುವವರು 2025ರ ಸೆಪ್ಟೆಂಬರಿನಿಂದ ಮುಂಗಡವಾಗಿ ಹೆಸರು ಬರೆಸಿ, ಬೆಳಗಿನ ಸರದಿ ಅಥವಾ ಮಧ್ಯಾಹ್ನದ ಸರದಿಯಲ್ಲಿ ಹೋಗುವ ಏರ್ಪಾಡನ್ನು ಜಿಲ್ಲಾಡಳಿತವು ಮಾಡಿದೆ.

ಮಧ್ಯಮ ತರದ ಹಾದಿಗಳನ್ನು ಅರಸುವವರು ಮೂಡಿಗೆರೆಯ ಕಡೆಗೆ ತಿರುಗಬೇಕು. ಭೈರಾಪುರದ ಮೇಲಿರುವ ಎತ್ತಿನಭುಜವು ಸುಮಾರು 4,260 ಅಡಿ. ಗೂಳಿಯ ಹಿಣಿಲಿನಂತೆ ಉಬ್ಬಿದ ಬಂಡೆಯಾದುದರಿಂದ ಈ ಹೆಸರು. ಭೈರಾಪುರದ ಕಡೆಯಿಂದ ನಡಿಗೆಯು ಅಲ್ಪ; ಕೊನೆಯ ಬಂಡೆಯ ಏರು ಮಾತ್ರ ಕಡಿದು. ಅದೇ ಶಿಖರವನ್ನು ಘಟ್ಟದ ಕೆಳಗಿನ ಶಿಶಿಲದಿಂದ ಏರುವುದು ಇಡೀ ದಿನದ ದುಡಿಮೆ. ಹೆಸರು ಒಂದೇ ಆದರೂ ಹಾದಿಗಳು ಎರಡೆಂಬುದನ್ನು ವಿಚಾರಿಸದೆ ಹೊರಡುವವರು ಮಧ್ಯಾಹ್ನದ ಹೊತ್ತಿಗೆ ನೀರಿಲ್ಲದೆ ಕಾಡಿನಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಸುಂಕಸಾಲೆಯ ಬಳಿಯ ಬಲ್ಲಾಳರಾಯನದುರ್ಗವು ಹೊಯ್ಸಳರ ಹೆಸರನ್ನು ಹೊತ್ತಿರುವ ಪಾಳುಕೋಟೆ. ಹುಲ್ಲಿನ ದಿಣ್ಣೆಗಳ ಮೇಲಣ ಈ ನಡಿಗೆಯು ಅರ್ಧ ದಿನಕ್ಕೆ ಸರಿಹೋಗುತ್ತದೆ. ಕುದುರೆಮುಖ ಪಟ್ಟಣದ ಸಮೀಪದ ಕುರಿಂಜಲ್ ಶಿಖರವು ಹೋಗಿ ಬರುವುದಕ್ಕೆ ಹನ್ನೆರಡು ಹದಿನಾಲ್ಕು ಕಿಲೋಮೀಟರು; ಹಾದಿಯ ಬಹುಭಾಗವು ಕಾಡಿನ ನೆರಳಿನಲ್ಲಿ ನಿಧಾನವಾಗಿ ಏರುವುದರಿಂದ ಅಭ್ಯಾಸ ಮಾಡಿಕೊಳ್ಳುವವರಿಗೆ ಒಳ್ಳೆಯ ಪಾಠಶಾಲೆ.

ಕುದುರೆಮುಖದ ಮಾತು ಬೇರೆ. 6,200 ಅಡಿಗೆ ಮೀರಿದ ಈ ಶಿಖರಕ್ಕೆ ಕಳಸದ ಕಡೆಯ ಮುಳ್ಳೋಡಿಯಿಂದ ಹೋಗಿ ಬರುವುದೆಂದರೆ ಸುಮಾರು 20 ಕಿಲೋಮೀಟರು ನಡಿಗೆ, ಮೂರು ಸಾವಿರ ಅಡಿಯಷ್ಟು ಏರು. ಮೇಲೆ ಹೇಳಿದ ಲೆಕ್ಕವನ್ನು ಹಾಕಿದರೆ ಹತ್ತುವುದಕ್ಕೆ ಮೂರೂವರೆ ಗಂಟೆ, ಇಳಿಯುವುದಕ್ಕೆ ಕಡಿಮೆಯೆಂದರೆ ಎರಡು ಗಂಟೆ. ಅರ್ಧವನ್ನು ಕೂಡಿಸಿದರೆ ಎಂಟು ಗಂಟೆ. ಊಟ ವಿಶ್ರಾಂತಿಗಳನ್ನು ಸೇರಿಸಿದರೆ ಒಂಬತ್ತು. ಬೆಳಿಗ್ಗೆ ಏಳಕ್ಕೆ ಹೊರಟವನು ಸಂಜೆ ನಾಲ್ಕಕ್ಕೆ ಮರಳುತ್ತಾನೆ; ಹತ್ತಕ್ಕೆ ಹೊರಟವನು ಕತ್ತಲೆಯಲ್ಲಿ ಕಾಟಿಗಳು ತಿರುಗುವ ಕಾಡಿನಲ್ಲಿರುತ್ತಾನೆ. ಆದುದರಿಂದ ಇದನ್ನು ಸುಲಭವೆಂದು ಹೇಳುವ ಮಿತ್ರರ ಮಾತನ್ನು ನಂಬತಕ್ಕದ್ದಲ್ಲ. ಎರಡು ಮೂರು ಚಿಕ್ಕ ಬೆಟ್ಟಗಳನ್ನು ಹತ್ತಿದ ಮೇಲೆ ಇಲ್ಲಿಗೆ ಬರುವುದು ಕ್ಷೇಮ. ಇದು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕಾಡಾದುದರಿಂದ ಅಪ್ಪಣೆಯಿಲ್ಲದೆ ಕಾಲಿಡುವಂತೆಯೂ ಇಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಅಮೆರಿಕಾ ದೇಶದ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರದಲ್ಲಿ ಯಾತ್ರಿಕನು ಮೊದಲು ಇಳಿಯುತ್ತಾನೆ. ಬಳಲಿದ ಮೇಲೆ ಬಿಸಿಲಿನಲ್ಲಿ ಏರಬೇಕಾಗುತ್ತದೆ. ತಳದ ನದಿಯವರೆಗೆ ಹೋಗಿ ಅದೇ ದಿನ ಮರಳುವ ಸಾಹಸ ಬೇಡವೆಂದು ಅಲ್ಲಿಯ ಅಧಿಕಾರಿಗಳು ಹಾದಿಯ ಮೊದಲಲ್ಲಿಯೇ ಫಲಕಗಳನ್ನು ನೆಟ್ಟು ಎಚ್ಚರಿಸುತ್ತಾರೆ. ನಮ್ಮ ಬೆಟ್ಟಗಳಲ್ಲಿ ಸಾಮಾನ್ಯವಾಗಿ ಏರು ಮೊದಲು. ಸೋತವನು ಅಲ್ಲಿಂದಲೇ ಹಿಂತಿರುಗಬಹುದು. ಆದರೆ ದುರ್ಗದ ಮೇಲಿಂದ ಬಂಡಾಜೆ ಅರ್ಬಿಯ ತಲೆಯವರೆಗೆ ಇಳಿಯುವಾಗಲೂ, ಜಲಪಾತಗಳನ್ನು ಹುಡುಕಿ ಕಣಿವೆಗಳಿಗೆ ಇಳಿಯುವಾಗಲೂ ನಾವು ಆ ಕಂದರದ ಯಾತ್ರಿಕರೇ ಆಗುತ್ತೇವೆ. ಇಳಿಯುವುದು ಎಷ್ಟು ಸುಖವೋ ಮರಳುವುದು ಅಷ್ಟು ಕಷ್ಟ. ತಂದ ನೀರಿನಲ್ಲಿ ಮೂರನೆಯ ಒಂದು ಪಾಲು ಮುಗಿದೊಡನೆ ಹಿಂತಿರುಗುವ ನಿಯಮವನ್ನು ಇಂಥ ಹಾದಿಗಳಲ್ಲಿ ಇಟ್ಟುಕೊಳ್ಳುವುದು ಲೇಸು.

ಕಾಲದ ವಿಚಾರಕ್ಕೆ ಬಂದರೆ, ಅಕ್ಟೋಬರಿನಿಂದ ಜನವರಿಯವರೆಗಿನ ನಾಲ್ಕು ತಿಂಗಳು ಉತ್ತಮ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಾದಿಗಳು ಜಾರುತ್ತವೆ. ಮಂಜು ಕವಿದರೆ ಹತ್ತು ಮಾರು ಮುಂದಿನದು ಕಾಣದು. ಹಳ್ಳಗಳು ಒಂದು ಗಂಟೆಯಲ್ಲಿ ತುಂಬುತ್ತವೆ. ಇಂಬಳಗಳ ಕಾಟವನ್ನಂತೂ ಹೇಳತೀರದು. ಮಳೆಗಾಲವನ್ನೇ ನೋಡಬೇಕೆಂಬ ಆಸೆಯುಳ್ಳವರು ಮಲೆನಾಡಿಗರ ಮನೆಯ ಜಗಲಿಯಲ್ಲಿ ಕುಳಿತು ನೋಡಬಹುದು. ಫೆಬ್ರವರಿಯ ನಂತರ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯವಿರುವುದರಿಂದ ಇಲಾಖೆಯವರು ಹಾದಿಗಳನ್ನು ಮುಚ್ಚುವುದುಂಟು. ಸೇದಿ ಎಸೆದ ಒಂದು ಬೀಡಿಯ ತುಂಡು ಒಂದು ಗುಡ್ಡವನ್ನೇ ಸುಡಬಲ್ಲದು. ಮೂಡಿಗೆರೆಯ ತೋಟಗಳ ನಡುವೆ ಆನೆಗಳ ಸಂಚಾರವಿರುವುದರಿಂದ ಮುಂಜಾನೆಯ ಕತ್ತಲೆಯಲ್ಲಿಯೂ ಸಂಜೆಯ ಮೇಲೆಯೂ ಊರಿನವರನ್ನು ಕೇಳದೆ ನಡೆಯಕೂಡದು. ಕಾಫಿಯ ತೋಟವು ಸಾರ್ವಜನಿಕ ಉದ್ಯಾನವಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಹಣ್ಣು ಕೊಯ್ಯುವ ಕಾಲದಲ್ಲಿ ಬೇಲಿ ದಾಟಿ ಒಳಗೆ ನುಗ್ಗುವುದು ಒಬ್ಬ ರೈತನ ವರ್ಷದ ಬೆಳೆಯನ್ನು ತುಳಿದಂತೆಯೇ ಸರಿ.

ಇಷ್ಟೆಲ್ಲ ಎಚ್ಚರಿಕೆಯು ಹೋಗುವವರ ಪ್ರಾಣರಕ್ಷಣೆಗೆ ಮಾತ್ರವೆಂದು ವಾಚಕರು ಭಾವಿಸಬಾರದು. ಈ ಬೆಟ್ಟಗಳ ನೆತ್ತಿಯಲ್ಲಿರುವ ಹುಲ್ಲುಗಾವಲೂ, ಮಡಿಲಿನಲ್ಲಿರುವ ಶೋಲಾ ಕಾಡೂ ಮಳೆಯ ನೀರನ್ನು ಹೀರಿಕೊಂಡು ವರ್ಷವೆಲ್ಲ ಮೆಲ್ಲನೆ ಬಿಡುವ ಭಂಡಾರಗಳು. ತುಂಗೆ, ಭದ್ರೆ, ನೇತ್ರಾವತಿಗಳು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟುತ್ತವೆ. ಹೇಮಾವತಿಯು ಮೂಡಿಗೆರೆ ಸೀಮೆಯ ಜಾವಳಿಯಲ್ಲಿ ಹುಟ್ಟುತ್ತದೆ. ಚಂದ್ರದ್ರೋಣ ಪರ್ವತದಿಂದ ಇಳಿಯುವ ವೇದಾ ಮತ್ತು ಅವತಿಗಳು ಕೂಡಿ ವೇದಾವತಿಯಾಗಿ, ಬಯಲುಸೀಮೆಯ ಹಿರಿಯೂರಿನ ಬಳಿ ವಾಣಿವಿಲಾಸ ಸಾಗರವನ್ನು ತುಂಬುತ್ತವೆ. ಹಾಸನದ ನಲ್ಲಿಯಲ್ಲಿಯೂ ಚಿತ್ರದುರ್ಗದ ಹೊಲದಲ್ಲಿಯೂ ಮಂಗಳೂರಿನ ಮನೆಯಲ್ಲಿಯೂ ಹರಿಯುವ ನೀರಿನ ಮೂಲವು ಇಲ್ಲಿಯ ಹುಲ್ಲಿನ ಬೇರಿನಲ್ಲಿದೆ. ಹಾದಿ ಬಿಟ್ಟು ಅಡ್ಡಹಾಯುವ ಸಾವಿರಾರು ಕಾಲುಗಳು ಹುಲ್ಲನ್ನು ಸವೆಸಿದರೆ ಮಣ್ಣು ಬತ್ತಲೆಯಾಗುತ್ತದೆ. ಬತ್ತಲೆಯಾದ ಮಣ್ಣನ್ನು ಮುಂದಿನ ಮಳೆಯು ಒಯ್ಯುತ್ತದೆ. 2019ರ ಆಗಸ್ಟಿನ ಮಹಾವೃಷ್ಟಿಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳ ಮನೆ ಗದ್ದೆಗಳ ಮೇಲೆ ಗುಡ್ಡಗಳು ಕುಸಿದು, ಚಾರ್ಮಾಡಿಯ ರಸ್ತೆಯು ಕಡಿದುಹೋದುದನ್ನು ಮರೆಯುವಂತಿಲ್ಲ. ಆ ಅನಾಹುತಕ್ಕೆ ಪ್ರವಾಸಿಗಳೇ ಕಾರಣರೆಂದು ನಾವು ಹೇಳುವುದಿಲ್ಲ. ಈ ಮಣ್ಣು ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಅದು ಸಾಕ್ಷಿ. 2022ರಲ್ಲಿ ಇದೇ ಚಂದ್ರದ್ರೋಣದ ಇಳಿಜಾರುಗಳಲ್ಲಿ ನೀಲಕುರಿಂಜಿಯು ಅರಳಿ ಗಿರಿಗೆ ನೀಲಿ ಹೊದಿಸಿತು. ಹಲವು ವರ್ಷಗಳಿಗೊಮ್ಮೆ ಹೂಬಿಟ್ಟು, ಬೀಜ ಕಟ್ಟಿ ಸಾಯುವ ಗಿಡವದು. ಹೂವನ್ನು ಕಿತ್ತವನು ಮುಂದಿನ ತಲೆಮಾರಿನ ಬೀಜವನ್ನೇ ಕಿತ್ತಂತಾಗುತ್ತದೆ.

ಅಧಿಕಾರಿಗಳಿಗೂ ನಮ್ಮ ಬಿನ್ನಹವುಂಟು. ಜನರ ಸಂಖ್ಯೆಗೆ ಮಿತಿಯನ್ನು ಹಾಕಿದರೆ ಕೆಲಸ ಮುಗಿಯಲಿಲ್ಲ. ಪ್ರತಿಯೊಂದು ಹಾದಿಯ ಮೊದಲಲ್ಲಿ ದೂರವೆಷ್ಟು, ಏರು ಎಷ್ಟು ಅಡಿ, ಹೋಗಿ ಬರಲು ಎಷ್ಟು ಗಂಟೆ, ನೀರು ಎಲ್ಲಿ, ಎಷ್ಟು ಹೊತ್ತಿಗೆ ಹಿಂತಿರುಗಬೇಕು ಎಂಬ ಐದು ಸಂಗತಿಗಳನ್ನು ಸ್ಫುಟವಾದ ಕನ್ನಡದಲ್ಲಿ ಬರೆದ ಫಲಕವಿರಬೇಕು. ನೋಂದಣಿಯ ಪುಟದಲ್ಲಿಯೂ ಇದೇ ವಿವರವು ಮೊದಲು ಕಾಣಬೇಕು. ಹಣ ಕಟ್ಟುವ ಗುಂಡಿಯು ಅನಂತರ ಬರಲಿ. ಆಯಾ ಊರಿನ ಯುವಕರಿಗೆ ಶಿಕ್ಷಣವಿತ್ತು ದಾರಿತೋರುಗರನ್ನಾಗಿ ನೇಮಿಸಿದರೆ ಯಾತ್ರಿಕನಿಗೆ ರಕ್ಷೆ, ಊರಿಗೆ ಜೀವನ, ಕಾಡಿಗೆ ಕಾವಲು ಮೂರೂ ಒಂದೇ ವೆಚ್ಚದಲ್ಲಿ ದೊರೆಯುವುವು. ಮುಳ್ಳಯ್ಯನಗಿರಿಯ ಮೇಲೆ ಬೀಳುವ ಭಾರದ ಒಂದು ಪಾಲನ್ನು ದುರ್ಗಕ್ಕೂ ಕುರಿಂಜಲ್‌ಗೂ ಹಂಚುವುದಕ್ಕೆ ಸರ್ಕಾರಿ ಬಸ್ಸುಗಳ ಅನುಕೂಲವೂ ಅಗತ್ಯ.

ನಮ್ಮ ಓದುಗರಿಂದ ನಾವು ಅಪೇಕ್ಷಿಸುವುದು ಬಹಳವಿಲ್ಲ. ಮುಂದಿನ ರಜೆಗೆ ಚಿತ್ರವನ್ನು ನೋಡುವ ಮೊದಲು ತಮ್ಮ ಮನೆಯವರಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರು ಯಾರೆಂದು ನೋಡಲಿ. ಅವರು ದಣಿಯದೆ ಮರಳಬಲ್ಲ ಬೆಟ್ಟವನ್ನು ಆರಿಸಲಿ. ಸೂರ್ಯೋದಯದೊಡನೆ ಹೊರಟು, ತಲಾ ಎರಡು ಲೀಟರು ನೀರನ್ನು ಹೊತ್ತು, ಮೂಡಿದ ಹಾದಿಯನ್ನು ಬಿಡದೆ ನಡೆದು, ತಂದ ಕಸವನ್ನು ತಾವೇ ಹಿಂದಕ್ಕೆ ತರಲಿ. ಶಿಖರ ಮುಟ್ಟದಿದ್ದರೆ ಚಿಂತೆಯಿಲ್ಲ; ಬೆಟ್ಟವು ಮುಂದಿನ ವರ್ಷವೂ ಅಲ್ಲಿಯೇ ಇರುವುದು. ಹತ್ತಲು ಕಾಲುಗಳೂ, ಇಳಿದು ಬರುವ ನೀರೂ ಉಳಿದಿರುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.