ಆಟಕ್ಕುಂಟು, ಲೆಕ್ಕಕ್ಕೂ ಉಂಟು

2018ರ ಜೂನ್ 1ರಂದು ಮುಂಬೈನ ಅಂಧೇರಿಯಲ್ಲಿ ಭಾರತ ಫುಟ್‌ಬಾಲ್ ತಂಡ ಚೈನೀಸ್ ತೈಪೆಯನ್ನು 5–0ಯಿಂದ ಸೋಲಿಸಿತು. ಸುನಿಲ್ ಚೆಟ್ರಿ ಹ್ಯಾಟ್ರಿಕ್ ಹೊಡೆದರು. ನೋಡಲು ಬಂದವರು 2,569 ಜನ. ನಾನು ಬ್ಯಾಕ್ ಆಗಿ ಆಡುತ್ತಿದ್ದ ಕಾಲಕ್ಕೆ ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ ಗಲ್ಲಿ ತಂಡಗಳ ಫೈನಲ್ ನಡೆದರೂ ಇದಕ್ಕಿಂತ ಜಾಸ್ತಿ ಗದ್ದಲ ಇರುತ್ತಿತ್ತು.

ಮರುದಿನ ಚೆಟ್ರಿ ಒಂದು ವಿಡಿಯೊ ಹಾಕಿದರು. ಬನ್ನಿ, ಬೈಯುವುದಿದ್ದರೆ ಬೈಯಿರಿ, ಆದರೆ ಸ್ಟೇಡಿಯಂಗೆ ಬಂದು ಬೈಯಿರಿ ಎನ್ನುವುದು ಅದರ ಸಾರಾಂಶ. ನಮ್ಮ ಬೆಂಗಳೂರು ಎಫ್‌ಸಿಯ ನಾಯಕ ಹೀಗೆ ಕೈಮುಗಿದು ಕರೆಯಬೇಕಾಯಿತಲ್ಲ ಎಂದು ನನಗೆ ಕಸಿವಿಸಿಯಾಯಿತು. ಜೂನ್ 4ರಂದು ಕೀನ್ಯಾ ವಿರುದ್ಧದ ಪಂದ್ಯಕ್ಕೆ ಟಿಕೆಟ್ಟೆಲ್ಲ ಖಾಲಿ. ಅದು ಚೆಟ್ರಿಯವರ ನೂರನೇ ಅಂತರರಾಷ್ಟ್ರೀಯ ಪಂದ್ಯ. ಸುರಿಯುವ ಮಳೆಯಲ್ಲಿ ನಾವು 3–0ಯಿಂದ ಗೆದ್ದೆವು.

ಆ ಟೂರ್ನಿಯ ಹೆಸರು ಇಂಟರ್‌ಕಾಂಟಿನೆಂಟಲ್ ಕಪ್. ವಿಶ್ವಕಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಗೆದ್ದರೆ ಯಾವ ಅರ್ಹತೆಯೂ ಸಿಗದು. ಆ ಸಲ ಆತಿಥೇಯ ದೇಶ ಮೂರು ತಂಡಗಳನ್ನು ಕರೆಸಿತ್ತು, ಎಲ್ಲರೂ ಎಲ್ಲರ ಜೊತೆ ಒಮ್ಮೆ ಆಡಿದರು, ಮೇಲಿನ ಇಬ್ಬರಿಗೆ ಫೈನಲ್. ಹಾಗಾದರೆ ಸುಮ್ಮನೆ ಆಡುವುದೇಕೆ? ಫಿಫಾದ ಶ್ರೇಯಾಂಕದ ಲೆಕ್ಕ ನೋಡಿದರೂ ಹಾಗೇ ಅನ್ನಿಸುತ್ತದೆ. ವಿಶ್ವಕಪ್ ಅರ್ಹತಾ ಪಂದ್ಯಕ್ಕೆ 25ರ ತೂಕ. ಫಿಫಾ ನಿಗದಿಪಡಿಸಿದ ದಿನಗಳಲ್ಲಿ ಆಡಿದ ಸೌಹಾರ್ದ ಪಂದ್ಯಕ್ಕೆ 10, ಉಳಿದ ದಿನಗಳಲ್ಲಾದರೆ ಬರೀ 5.

ಆದರೆ ಕೋಚ್‌ಗೆ ಬೇಕಾಗುವುದು ಬೇರೆ. ಒಂದೇ ಊರಿನಲ್ಲಿ ಹತ್ತು ದಿನ, ನಾಲ್ಕು ಪಂದ್ಯ. ಮೂರು ದಿನಕ್ಕೊಮ್ಮೆ ಹೊಸ ಎದುರಾಳಿ, ನಡುವೆ ಸುಸ್ತು, ನೋವು, ಸೋಲು. ದೊಡ್ಡ ಟೂರ್ನಿ ಇರುವುದೇ ಹೀಗೆ. ಆಗೊಮ್ಮೆ ಈಗೊಮ್ಮೆ ಬಿಡಿ ಪಂದ್ಯ ಆಡಿದರೆ ಇದರ ಅಭ್ಯಾಸ ಆಗುವುದಿಲ್ಲ. ಮುಂಬೈಯಲ್ಲಿ ನ್ಯೂಜಿಲೆಂಡ್ ಎದುರು ನಾವು 1–2ರಿಂದ ಸೋತೆವು. ಮೂರು ತಂಡಗಳಿಗೆ ತಲಾ ಆರು ಅಂಕ. ನಾವೂ ಕೀನ್ಯಾವೂ ಮುಂದೆ ಹೋದೆವು, ನ್ಯೂಜಿಲೆಂಡ್ ಮನೆಗೆ ಹೋಯಿತು. ಫೈನಲ್‌ನಲ್ಲಿ ಚೆಟ್ರಿಯವರ ಎರಡು ಗೋಲು. ಅಂತರರಾಷ್ಟ್ರೀಯ ಗೋಲುಗಳಲ್ಲಿ ಅವತ್ತಿಗೆ ಮೆಸ್ಸಿಯ ಸಮ, 64. ಏಳು ತಿಂಗಳ ನಂತರ ಅಬುಧಾಬಿಯಲ್ಲಿ ಏಷ್ಯನ್ ಕಪ್. ಮೊದಲ ಪಂದ್ಯದಲ್ಲೇ ಥಾಯ್ಲೆಂಡ್ ವಿರುದ್ಧ 4–1ರ ಗೆಲುವು. ಮುಂಬೈಯ ತಾಲೀಮು ಅಲ್ಲಿ ಕೆಲಸಕ್ಕೆ ಬಂತೆಂದೇ ನನ್ನ ಲೆಕ್ಕ.

ಇಂಟರ್‌ಕಾಂಟಿನೆಂಟಲ್ ಕಪ್‌ಗೂ ಹಿಂದೆ ಇಂಥದ್ದೇ ನೆಹರೂ ಕಪ್ ಇತ್ತು. 1982ರಲ್ಲಿ ಕಲ್ಕತ್ತದಲ್ಲಿ ಶುರುವಾಗಿದ್ದು, ಮೊದಲ ಸಲ ಗೆದ್ದದ್ದು ಉರುಗ್ವೆ. 1984ರಲ್ಲಿ ಬಿಲಾರ್ದೊ ಅವರ ಅರ್ಜೆಂಟೀನಾ ಬಂದು ನಮ್ಮನ್ನು ಸೋಲಿಸಿತು, ಅದೂ ಒಂದೇ ಗೋಲಿನಿಂದ. ಆ ಕೋಚ್ ಎರಡು ವರ್ಷದ ನಂತರ ವಿಶ್ವಕಪ್ ಎತ್ತಿದರು. 1985ರಿಂದ 88ರವರೆಗೆ ಸತತ ನಾಲ್ಕು ಸಲ ಸೋವಿಯತ್ ಒಕ್ಕೂಟದ್ದೇ ಕಪ್. ನಾವು ಗೆಲ್ಲುತ್ತಿರಲಿಲ್ಲ, ಸರಿ. ಆದರೆ ಎಂಥವರೆದುರು ಸೋಲುತ್ತಿದ್ದೆವು!

1997ರ ನಂತರ ಹತ್ತು ವರ್ಷ ಆ ಕಪ್ಪೇ ಇಲ್ಲ. 2007ರಲ್ಲಿ ದೆಹಲಿಯ ಅಂಬೇಡ್ಕರ್ ಸ್ಟೇಡಿಯಂನಲ್ಲಿ ಮತ್ತೆ ಶುರುವಾದಾಗ ಎನ್.ಪಿ. ಪ್ರದೀಪ್ ಹೊಡೆದ ಒಂದೇ ಗೋಲಿನಿಂದ ಸಿರಿಯಾವನ್ನು ಮಣಿಸಿದೆವು. 2009ರ ಫೈನಲ್‌ನಲ್ಲೂ ಸಿರಿಯಾ. ಹೆಚ್ಚುವರಿ ಸಮಯದಲ್ಲಿ ರೆನೆಡಿ ಸಿಂಗ್ ಅವರ ಫ್ರೀ ಕಿಕ್ ನೆಟ್ಟಿಗೆ ಬಿತ್ತು, ಇನ್ನೇನು ಕಪ್ ನಮ್ಮದೇ ಎನ್ನುವಾಗ ಸಿರಿಯಾ ಸಮ ಮಾಡಿಬಿಟ್ಟಿತು. ಟೈಬ್ರೇಕರ್‌ನಲ್ಲಿ ಗೋಲಿ ಸುಬ್ರತಾ ಪಾಲ್ ಉಳಿಸಿದರು. 2012ರಲ್ಲಿ ಕ್ಯಾಮರೂನ್ ವಿರುದ್ಧವೂ ಟೈಬ್ರೇಕರ್ ಗೆಲುವೇ. ಬಂದದ್ದು ಅವರ ಎರಡನೇ ಸಾಲಿನ ತಂಡ ಎನ್ನುವುದನ್ನೂ ಹೇಳಬೇಕು. ಈ ಟೂರ್ನಿಗಳ ರೋಗವೇ ಅದು: ಹೆಸರು ದೊಡ್ಡದಿರುತ್ತದೆ, ವಿಮಾನ ಇಳಿದವರಲ್ಲಿ ಆ ಹೆಸರು ತಂದುಕೊಟ್ಟವರು ಇರುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ಹೈದರಾಬಾದಿಗೆ ಬಂತು. ಶ್ರೇಯಾಂಕದಲ್ಲಿ ನಮಗಿಂತ ಬಹಳ ಕೆಳಗಿದ್ದ ಮಾರಿಷಸ್ ಎದುರು ಗೋಲೇ ಇಲ್ಲದ ಡ್ರಾ, ಸಿರಿಯಾ ಎದುರು 0–3ರ ಸೋಲು. ಇದನ್ನು ನೋಡಿ ಇಂಥ ಟೂರ್ನಿ ಯಾಕೆ ಬೇಕು ಎನ್ನುವವರಿದ್ದಾರೆ. ನಾನು ಉಲ್ಟಾ ಹೇಳುತ್ತೇನೆ. ಚೆಟ್ರಿ ಆ ವರ್ಷ ಜೂನ್‌ನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ನಿಂದ ನಿವೃತ್ತರಾಗಿದ್ದರು. ಅವರಿಲ್ಲದೆ ಗೋಲು ಹೊಡೆಯುವವರು ಯಾರು ಎಂಬ ಪ್ರಶ್ನೆ ಅಲ್ಲೇ ಬಯಲಾಗಿದ್ದು ಒಳ್ಳೆಯದಾಯಿತು.

2023ರ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಕುವೈತ್ ಎದುರು ಟೈಬ್ರೇಕರ್ ಗೆದ್ದ ರಾತ್ರಿ ನಮ್ಮ ಕಂಠೀರವ ಸ್ಟೇಡಿಯಂ ಹೇಗಿತ್ತೆಂದು ಕಂಡವರಿಗೆ ಗೊತ್ತು. ಮುಂದಿನ ಸಲ ಇಂಟರ್‌ಕಾಂಟಿನೆಂಟಲ್ ಕಪ್ ಬೆಂಗಳೂರಿಗೆ ಬರಲಿ. ಬಂದರೆ ಫೈನಲ್‌ಗೆ ಕಾಯಬೇಡಿ, ಮೊದಲ ಪಂದ್ಯದ ಟಿಕೆಟ್ಟೇ ತೆಗೆದುಕೊಳ್ಳಿ.